ತಮ್ಮ ಅಂಟಿಸಿದ ಮರ, ನಾನು ಕಡೆದ ಪೆನ್ನು

ಪೆನ್ನಿಗೆಂದು ನನ್ನ ಕೈಗೆ ಬರುವ ಮರದ ತುಂಡು ಐದು ಇಂಚು ಉದ್ದ, ಮುಕ್ಕಾಲು ಇಂಚು ಚೌಕ. ಇದಕ್ಕೆ ಬ್ಲ್ಯಾಂಕ್ ಅನ್ನುತ್ತೇವೆ. ನಡುವೆ 7 ಮಿ.ಮೀ. ತೂತು ಕೊರೆದು, ಹೊರಗಡೆ 10 ಮಿ.ಮೀ. ದಪ್ಪಕ್ಕೆ ಕಡೆದರೆ ಉಳಿಯುವುದು ಹತ್ತಿರ ಹತ್ತಿರ ಒಂಬತ್ತರಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ಹೊಟ್ಟು. ಒಂದೇ ಜಾತಿಯ ಮರವಾದರೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ಆದರೆ ನಾಲ್ಕೈದು ಬಗೆಯ ಮರಗಳ ತೆಳು ಪಟ್ಟಿಗಳನ್ನು ಕೀಸಿ, ಅಂಟಿಸಿ, ಕ್ಲಾಂಪ್ ಹಾಕಿ ಇನ್ನೊಬ್ಬರು ಮಾಡಿಕೊಟ್ಟ ಬ್ಲ್ಯಾಂಕ್ ಆದರೆ, ಯಾವ ಒಂಬತ್ತನೇ ಪಾಲು ಉಳಿಸಬೇಕು ಅನ್ನುವುದೇ ಇಡೀ ಕೆಲಸ.

ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣ ಕಡೆಯುವ ಲೇತ್ (ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಮೇಲೆ ದುಡಿದವನು. ರಿಟೈರ್ ಆದ ಮೇಲೆ ಮನೆಯ ಬಾಲ್ಕನಿಯಲ್ಲಿ ಮರ ಕಡೆಯುವ ಒಂದು ಚಿಕ್ಕ ಲೇತ್ ಕೂರಿಸಿಕೊಂಡೆ. ಬ್ಲ್ಯಾಂಕ್ ಮಾಡುವವನು ಹುಬ್ಬಳ್ಳಿ ಕಡೆಯ ಹುಡುಗ. ದಿಘಿ ಹತ್ತಿರ ಅವನ ಫರ್ನಿಚರ್ ವರ್ಕ್‌ಶಾಪ್ ಇದೆ. ನಾನು ಅವನಿಗೆ ‘ತಮ್ಮಾ’ ಅನ್ನುತ್ತೇನೆ, ಅವನು ನನಗೆ ‘ಕಾಕಾ’ ಅನ್ನುತ್ತಾನೆ. ಸೋಫಾ, ಟೇಬಲ್ ಮಾಡಿ ಉಳಿದ ಸ್ಟೀಮ್ ಬೀಚ್, ಸಾಗವಾನಿ, ಶಿಸಮ್, ಹಲಸಿನ ತುಂಡುಗಳೇ ಅವನ ಸಾಮಾನು. ಬೀಟೆ ಮಾತ್ರ ಹಳೆಯ ಮಂಚದ ಕಾಲುಗಳದ್ದು. ಬುಧವಾರ, ಭಾನುವಾರ ಸೇರುವ ಹಳೆ ಸಾಮಾನಿನ ಸಂತೆ ಜೂನಾ ಬಾಜಾರ್‌ನಲ್ಲಿ ಹುಡುಕಿ ತರುತ್ತಾನೆ. ಅಂಥ ಮರ ಒಣಗಿ ಒಣಗಿ ಎಲ್ಲ ಆಟ ಮುಗಿಸಿರುತ್ತದೆ. ಹೊಸ ಬೀಟೆಗಿಂತ ನನಗೆ ಅದೇ ವಾಸಿ.

ಮೊದಲ ಸಲ ಪೆನ್ನು ಮಾಡಿ ಕೈಗೆ ಕೊಟ್ಟಾಗ ಅವನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಇಷ್ಟೇ: “ಕಾಕಾ, ಉಳಿದ ಪಟ್ಟಿ ಎಲ್ಲಿ ಹೋದ್ವು? ನಾ ಏಳ ಹಚ್ಚಿದ್ದೆ, ಮೂರs ಕಾಣಾಕತ್ತಾವ!”

ಹೋಗಲೇಬೇಕು, ಅಲ್ವಾ? ಬ್ಲ್ಯಾಂಕಿನ 19 ಮಿ.ಮೀ. ಅಗಲದಲ್ಲಿ ನಡುವಿನ 10 ಮಿ.ಮೀ. ಒಳಗೆ ಇದ್ದದ್ದು ಮಾತ್ರ ಪೆನ್ನಿನ ಮೈಮೇಲೆ ಬರುತ್ತದೆ. ಅಂಚಿನ ಪಟ್ಟಿಗಳು ಎಷ್ಟೇ ಚಂದ ಇರಲಿ, ಮೊದಲ ಐದು ನಿಮಿಷದಲ್ಲಿ ನೆಲ ಸೇರುತ್ತವೆ. ಅವತ್ತೇ ಒಂದು ಕಾಗದದ ಮೇಲೆ ಚೌಕ ಬರೆದು, ಒಳಗೆ ಎರಡು ವೃತ್ತ ಎಳೆದು ಅವನಿಗೆ ತೋರಿಸಿದೆ. ಸರಿಯಾಗಿ ನಡುವೆ 3 ಮಿ.ಮೀ. ಪಟ್ಟಿ ಇಟ್ಟರೆ ಅದು ಪೆನ್ನಿನ ಎರಡು ಬದಿಗೆ ಎದುರೆದುರಾಗಿ ನೆಟ್ಟಗಿನ ಎರಡು ಗೆರೆ ಆಗುತ್ತದೆ. ಇನ್ನು ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ನೋಡಿ. ನಡುವಿನಿಂದ 3.5 ಮಿ.ಮೀ. ದೂರದಲ್ಲಿ ಶುರುವಾಗಿ 5ಕ್ಕೆ ಮುಗಿಯುವ ಪಟ್ಟಿ, ಅಂದರೆ ಬರೀ ಒಂದೂವರೆ ಮಿ.ಮೀ. ದಪ್ಪದ್ದು, ದುಂಡಗೆ ಕಡೆದಾಗ ಸುಮಾರು 8 ಮಿ.ಮೀ. ಅಗಲವಾಗಿ ಕಾಣುತ್ತದೆ. ಉಳಿ ಆ ಪದರವನ್ನು ಅಡ್ಡಕ್ಕೆ ಸೀಳುವುದಿಲ್ಲ, ಅದರ ಮೈ ಸವರಿಕೊಂಡು ಹೋಗುತ್ತದೆ. ಪೆನ್ನು ತುದಿಯ ಕಡೆ ಸಣ್ಣಗಾದಂತೆ ಈ ಅಗಲ ಐದರ ಒಳಗೆ ಇಳಿಯುತ್ತದೆ. ಹಾಗಾಗಿ ನೇರ ಅಂಚಿನ ಪಟ್ಟಿ ಪೆನ್ನಿನ ಮೇಲೆ ದೋಣಿಯ ಆಕಾರಕ್ಕೆ ಬಂದಿರುತ್ತದೆ. ಯಾರೂ ಅದನ್ನು ಹಾಗೆ ಕೊಯ್ದಿಲ್ಲ. ನೋಡಿದವರು ಮಾತ್ರ ಕೈಯಿಂದ ಕೆತ್ತಿ ಕೂರಿಸಿದ್ದು ಅಂದುಕೊಳ್ಳುತ್ತಾರೆ.

ಆಮೇಲಿಂದ ಅವನು ಅಂಚಿಗೆ ಸಾದಾ ಬೀಚ್ ಹಾಕಿ, ಒಳ್ಳೆಯ ಮರವನ್ನೆಲ್ಲ ನಡುವೆ ಕೂರಿಸತೊಡಗಿದ. ಬೀಟೆಯೂ ಉಳಿಯಿತು.

ತೂತು ಕೊರೆಯುವುದು ಎಲ್ಲಕ್ಕಿಂತ ನಾಜೂಕಿನ ಹಂತ. ಕೊರೆಯುವ ಬಿಟ್ ಅರ್ಧ ಮಿ.ಮೀ. ಸರಿದರೂ ಎರಡು ಬದಿಯ ಪಟ್ಟಿಗಳ ಅಗಲ ಬೇರೆ ಬೇರೆ ಆಗಿ ಕಣ್ಣಿಗೆ ಹೊಡೆಯುತ್ತದೆ. ಓರೆಯಾಗಿ ಅಂಟಿಸಿದ ಬ್ಲ್ಯಾಂಕ್‌ನಲ್ಲಂತೂ ಬಿಟ್ ಮೆತ್ತನೆಯ ಮರದ ಕಡೆಗೇ ಜಾರಲು ನೋಡುತ್ತದೆ. ನಾನು ಬ್ಲ್ಯಾಂಕನ್ನು ಲೇತಿನ ತಿರುಗುವ ಹಿಡಿ, ಅಂದರೆ ಚಕ್‌ಗೇ ಕಚ್ಚಿಸಿ, ಹಿಂದಿನ ಟೇಲ್‌ಸ್ಟಾಕ್‌ನಿಂದ ಬಿಟ್ ತಳ್ಳುತ್ತೇನೆ. ಕಬ್ಬಿಣದಲ್ಲಿ ಕಲಿತ ಅಭ್ಯಾಸ ಅದು. ವೇಗ ಕಡಿಮೆ ಇಟ್ಟು, ಸ್ವಲ್ಪ ಸ್ವಲ್ಪ ಕೊರೆದು, ಬಿಟ್ ಹೊರಗೆ ಎಳೆದು ಹೊಟ್ಟು ತೆಗೆಯುತ್ತಿರಬೇಕು. ಹೊಟ್ಟು ಒಳಗೆ ತುಂಬಿಕೊಂಡರೆ ಬಿಟ್ ಬಿಸಿಯಾಗುತ್ತದೆ. ಮಾಮೂಲಿ ಬಿಳಿ ಫೆವಿಕಾಲ್ ಬಿಸಿಗೆ ಮೆತ್ತಗಾಗುವ ಅಂಟು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಒಳಗೆ ಪದರ ಕೂದಲೆಳೆಯಷ್ಟು ಸರಿದಿರುತ್ತದೆ. ಹಾಗಾಗಿ ಓರೆ ಪಟ್ಟಿಯ ಬ್ಲ್ಯಾಂಕ್‌ಗಳಿಗೆ ಅರಾಲ್ಡೈಟ್ (ಎಪಾಕ್ಸಿ ಅಂಟು) ಹಾಕು ಅಂತ ತಮ್ಮನಿಗೆ ಹೇಳಿದ್ದೇನೆ. ನೇರ ಪಟ್ಟಿಗೆ ಫೆವಿಕಾಲ್ ಸಾಕು, ಸುಮ್ನೆ ಖರ್ಚು ಯಾಕೆ.

ಎರಡು ಭಾಗದ ತೆಳು ಪೆನ್ನು, ಅಂದರೆ ಸ್ಲಿಮ್‌ಲೈನ್ ಮಾಡುವಾಗ ಬ್ಲ್ಯಾಂಕನ್ನು ಮೊದಲೇ ಎರಡು ತುಂಡು ಮಾಡಬೇಕು. ತೂತಿನೊಳಗೆ ಕೂರುವ ಒಂದೊಂದು ಹಿತ್ತಾಳೆ ಕೊಳವೆಯೂ ಸುಮಾರು 53 ಮಿ.ಮೀ. ಉದ್ದ. ಮರವನ್ನು ಅದಕ್ಕಿಂತ ಒಂದೆರಡು ಮಿ.ಮೀ. ಜಾಸ್ತಿ ಇಟ್ಟು ಕೊಯ್ಯುತ್ತೇನೆ. ಕೊಯ್ಯುವ ಮೊದಲು ನಡುವಿನ ಗೆರೆಯ ಮೇಲೆ ಪೆನ್ಸಿಲ್‌ನಿಂದ ಒಂದು ದೊಡ್ಡ ‘ವಿ’ ಬರೆದಿಟ್ಟರೆ, ಯಾವ ತುದಿ ಯಾವುದಕ್ಕೆ ಎದುರು ಬರಬೇಕು ಅನ್ನುವುದು ಮರೆಯುವುದಿಲ್ಲ. ಗರಗಸದ ಹಲ್ಲು ದಪ್ಪ ಇದ್ದಷ್ಟೂ ನಡುವೆ ಮರ ಕಳೆದುಹೋಗುತ್ತದೆ, ಓರೆ ಗೆರೆಗಳು ನಡುವಿನ ಉಂಗುರದ ಹತ್ತಿರ ಕೂಡುವುದಿಲ್ಲ. ತೆಳು ಹಲ್ಲಿನ ಜಪಾನಿ ಗರಗಸ ಇದಕ್ಕೆ ಚೆನ್ನಾಗಿದೆ.

ಕೊಳವೆಯ ಮೈಯನ್ನು ಪಾಲಿಶ್ ಪೇಪರ್‌ನಿಂದ ತರಿ ಮಾಡಿ ಅರಾಲ್ಡೈಟ್ ಹಚ್ಚಿ ತೂರಿಸುತ್ತೇನೆ. ಅಂಟು ಕೊಳವೆಯ ಒಳಗೆ ಹೋಗಬಾರದು. ಅದಕ್ಕೆ ಆಲೂಗಡ್ಡೆಯ ಒಂದು ಹೋಳಿಗೆ ಕೊಳವೆಯ ಬಾಯಿ ಚುಚ್ಚಿದರೆ ಬಿರಡೆ ಹಾಕಿದಂತೆ ಆಗುತ್ತದೆ, ಆಮೇಲೆ ಕಡ್ಡಿಯಿಂದ ತಳ್ಳಿದರೆ ಬೀಳುತ್ತದೆ. ಮನೆಯವಳು ಬೈದುಕೊಂಡೇ ಆಲೂಗಡ್ಡೆ ಕೊಡುತ್ತಾಳೆ. ಒಂದು ರಾತ್ರಿ ಬಿಟ್ಟು, ಎರಡೂ ತುದಿಗಳನ್ನು ಕೊಳವೆಯ ಮಟ್ಟಕ್ಕೆ ಸಮ ಮಾಡಬೇಕು. ಇದಕ್ಕೆಂದೇ ಮಾರುವ ಹಲ್ಲಿನ ಕಟರ್ ಇದೆ. ಆದರೆ ಅದು ಓರೆ ಪಟ್ಟಿಯ ಚೂಪು ಅಂಚನ್ನು ಕಿತ್ತುಹಾಕುತ್ತದೆ. ನಾನು ಡಿಸ್ಕ್ ಸ್ಯಾಂಡರ್ ಮೇಲೆ ಉಜ್ಜುತ್ತೇನೆ.

ಕಡೆಯುವುದಕ್ಕೆ ಬಂದರೆ, ಕಬ್ಬಿಣದ ಲೇತಿನವರಿಗೆ ಮೊದಲು ಕೈ ನಡುಗುತ್ತದೆ. ಅಲ್ಲಿ ಉಳಿಯನ್ನು ಟೂಲ್ ಪೋಸ್ಟ್‌ಗೆ ಬಿಗಿದು ಹ್ಯಾಂಡಲ್ ತಿರುಗಿಸಿದರೆ ಮುಗಿಯಿತು. ಇಲ್ಲಿ ಉಳಿಯನ್ನು ಕೈಯಲ್ಲೇ ಹಿಡಿದು ರೆಸ್ಟ್ ಮೇಲೆ ಊರಬೇಕು, ಮರ ನಿಮಿಷಕ್ಕೆ 2500ರಿಂದ 3000 ಸುತ್ತು ತಿರುಗುತ್ತಿರುತ್ತದೆ. ಚೌಕ ತುಂಡು ದುಂಡಗಾಗುವ ತನಕ ಟಕಟಕ ಸದ್ದು. ಆ ಹೊತ್ತಲ್ಲಿ ಅವಸರ ಮಾಡಿದರೆ ಉಳಿ ಕಚ್ಚಿಕೊಂಡು ಒಂದು ಮೂಲೆ ಹಾರಿಹೋಗುತ್ತದೆ. ಬರೀ ಹೊರಗಿನ ಬೀಚ್ ಹೋದರೆ ಚಿಂತೆ ಇಲ್ಲ. ಒಮ್ಮೊಮ್ಮೆ ಸೀಳು ಅಂಟಿನ ಗೆರೆ ಹಿಡಿದು ಒಳಗಿನ ಪದರದ ತನಕ ಓಡುತ್ತದೆ.

ಉಳಿಗೆ ಎಷ್ಟು ಸಲ ಸಾಣೆ ಕೊಡಬೇಕು ಅನ್ನುವುದು ಮರದ ಮೇಲೆ ಹೋಗುತ್ತದೆ. ಸಾಗವಾನಿಯಲ್ಲಿ ಸಿಲಿಕಾ ಇದೆ, ಮರಳಿನ ಅಂಶವೇ ಅದು. ಹಾಗಾಗಿ ಒಳ್ಳೆಯ ಹೈಸ್ಪೀಡ್ ಸ್ಟೀಲಿನ ಅಂಚನ್ನೂ ಬೇಗ ಮೊಂಡು ಮಾಡುತ್ತದೆ. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ತಳ್ಳುತ್ತದೆ. ಸ್ಲಿಮ್‌ಲೈನ್ ತುದಿಯಲ್ಲಿ ಪೆನ್ನಿನ ದಪ್ಪ ಸುಮಾರು 8.3 ಮಿ.ಮೀ. ಮಾತ್ರ. ಕೊಳವೆಯ ಮೇಲೆ ಉಳಿದ ಮರ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟು ತೆಳು ಪದರವನ್ನು ಮೊಂಡು ಉಳಿಯಿಂದ ತಳ್ಳಿದರೆ ಎದ್ದು ಬರುತ್ತದೆ. ಹಾಗಾಗಿ ಕೊನೆಯ ಎರಡು ಮೂರು ಸವರಿಗೆ ಮೊದಲು ಸಾಣೆ ಹಿಡಿದೇ ತೀರುತ್ತೇನೆ.

ಆಕಾರದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಒಂಟಿ ಮರದ ಪೆನ್ನಿಗೆ ಬಳೆ, ಗಂಟು, ಉಬ್ಬು ಎಲ್ಲ ಮಾಡಬಹುದು. ಪಟ್ಟಿ ಇರುವ ಮರಕ್ಕೆ ಬೇಡ. ಮರದ ಮೇಲೆ ಮೊದಲೇ ಒಂದು ಚಿತ್ರ ಇದೆ, ಅದರ ಮೇಲೆ ನಾನು ಇನ್ನೊಂದು ಬರೆಯುವುದು ಯಾಕೆ? ಎರಡು ತುದಿ ಸಣ್ಣ, ನಡುವೆ ಸ್ವಲ್ಪ ತುಂಬಿದ ಮೈ. ನನ್ನ ಪೆನ್ನುಗಳೆಲ್ಲ ಇದೇ ಆಕಾರ. ಬೇಸರ ಬರುವುದಿಲ್ಲವೇ ಅಂತ ಕೇಳುತ್ತಾರೆ. ಬರುವುದಿಲ್ಲ, ಯಾಕೆಂದರೆ ಮರ ಪ್ರತಿ ಸಲ ಬೇರೆ.

ಪಾಲಿಶ್ ಪೇಪರ್ ಹಿಡಿದಾಗ ಅಂಟಿಸಿದ ಮರದ ನಿಜವಾದ ತಕರಾರು ಶುರು. ಬೀಟೆ ಗಟ್ಟಿ, ಪಕ್ಕದ ಸಾಗವಾನಿ ಅಷ್ಟು ಗಟ್ಟಿ ಅಲ್ಲ. ಪೇಪರನ್ನು ಬೆರಳಿಂದ ಒತ್ತಿದರೆ ಸಾಗವಾನಿ ಜಾಸ್ತಿ ಸವೆದು ತಗ್ಗಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರು ಎಳೆದರೆ ಗೊತ್ತಾಗುತ್ತದೆ. ಪೇಪರಿನ ಹಿಂದೆ ಒಂದು ಚಪ್ಪಟೆ ಕಟ್ಟಿಗೆ ಚೂರು ಇಟ್ಟುಕೊಂಡರೆ ಇದು ಬಹಳ ಕಡಿಮೆ ಆಗುತ್ತದೆ. 220, 320, 400, 600 ನಂಬರ್ ಪೇಪರ್ ಹೀಗೆ ಮೇಲೆ ಹೋಗುತ್ತ, ನಡುನಡುವೆ ಲೇತ್ ನಿಲ್ಲಿಸಿ ಉದ್ದುದ್ದ ಉಜ್ಜಿದರೆ ಸುತ್ತುಗೆರೆಗಳು ಹೋಗುತ್ತವೆ. ಇನ್ನೊಂದು ತಲೆನೋವು ಬಣ್ಣದ್ದು. ಬೀಟೆಯ ಕಪ್ಪು ಪುಡಿ ಬೀಚ್‌ನ ಸಣ್ಣ ರಂಧ್ರಗಳಲ್ಲಿ ಕೂತು ಬಿಳಿ ಮರ ಮಸುಕಾಗುತ್ತದೆ. ಕಡೆದ ಕೂಡಲೇ ತೆಳುವಾದ ಸೂಪರ್ ಗ್ಲೂ ಒಂದು ಪದರ ಹಚ್ಚಿ ರಂಧ್ರ ಮುಚ್ಚಿ, ಆಮೇಲೆ ಉಜ್ಜುತ್ತೇನೆ. ಪ್ರತಿ ಪೇಪರ್ ಬದಲಿಸುವಾಗ ಬ್ರಷ್‌ನಿಂದ ಪುಡಿ ತೆಗೆಯುತ್ತೇನೆ. ಮೂಗಿಗೆ ಮಾಸ್ಕ್ ಬೇಕೇ ಬೇಕು. ಬೀಟೆ, ಶಿಸಮ್ ಪುಡಿ ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ.

ತಮ್ಮನಿಗೆ ಒಮ್ಮೆ ಹುರುಪು ಬಂದು ಪಟ್ಟಿಗಳ ನಡುವೆ ಅಲ್ಯೂಮಿನಿಯಂ ತಗಡು ಇಟ್ಟು ತಂದ. ಕಡೆಯುವಾಗ ನನಗೆ ಹಳೆಯ ಕೆಲಸ ನೆನಪಾಗಿ ಖುಷಿಯಾಯಿತು. ಉಜ್ಜುವಾಗ ಅಲ್ಯೂಮಿನಿಯಂ ಪುಡಿ ಬೀಚ್ ಅನ್ನು ಸೀಸದ ಕಡ್ಡಿ ಬಳಿದಂತೆ ಬೂದು ಬಣ್ಣ ಮಾಡಿತು. ತಗಡು ಹಾಕುವುದಾದರೆ ಎರಡೂ ಕಡೆ ಕಪ್ಪು ಮರ ಇರಲಿ ಅಂತ ಇಬ್ಬರೂ ಒಪ್ಪಿಕೊಂಡೆವು.

ಹೊಳಪಿಗೆ ಬಂದರೆ, ನಮ್ಮವರಿಗೆ ಲೇತ್ ಅಂದ ಕೂಡಲೇ ಚನ್ನಪಟ್ಟಣದ ಅರಗು ನೆನಪಾಗುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಹತ್ತಿಕೊಳ್ಳುತ್ತದೆ. ಹಾಲೆಮರದ ಗೊಂಬೆಗೆ ಅದಕ್ಕಿಂತ ಚಂದ ಇನ್ನೊಂದಿಲ್ಲ. ಅಂಟಿಸಿದ ಪೆನ್ನಿಗೆ ಮಾತ್ರ ನಾನು ಆ ದಾರಿ ಹಿಡಿಯುವುದಿಲ್ಲ. ಆ ಬಿಸಿ ಅಂಟಿನ ಗೆರೆಗೆ ಒಳ್ಳೆಯದಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಶೆಲಾಕ್ ಮೊದಲ ದಿನ ಚೆನ್ನಾಗಿ ಹೊಳೆಯುತ್ತದೆ, ಕೈ ಬೆವರಿಗೆ ಬೇಗ ಮಂಕಾಗುತ್ತದೆ. ಹಾಗಾಗಿ ಸೂಪರ್ ಗ್ಲೂ. ಟಿಶ್ಯೂ ಪೇಪರ್ ಮೇಲೆ ಎರಡು ಹನಿ ಹಾಕಿ ತಿರುಗುವ ಪೆನ್ನಿಗೆ ಸವರಿ, ಒಣಗಿದ ಮೇಲೆ ಮತ್ತೊಂದು ಪದರ, ಮತ್ತೊಂದು. ಹತ್ತಿ ಬಟ್ಟೆ ಬಳಸಬೇಡಿ. ಹತ್ತಿಗೆ ಈ ಅಂಟು ತಾಗಿದರೆ ಸುಡುವಷ್ಟು ಬಿಸಿಯಾಗಿ ಹೊಗೆಯೂ ಏಳುತ್ತದೆ. ಕಿಟಕಿ ತೆರೆದಿರಬೇಕು, ಕನ್ನಡಕ ಹಾಕಿರಬೇಕು. ಈ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಪುಣೆಯ ಜುಲೈ ಮಳೆಯಲ್ಲಿ ಅವಸರಕ್ಕೆ ಗಟ್ಟಿಯಾಗಿ ಬೆಳ್ಳಗೆ ಮಬ್ಬು ಕಟ್ಟುವುದೂ ಉಂಟು. ಮಳೆಗಾಲದಲ್ಲಿ ಪದರಗಳನ್ನು ಇನ್ನೂ ತೆಳು ಮಾಡುತ್ತೇನೆ. ಕೊನೆಗೆ 12000 ನಂಬರಿನ ತನಕ ಮೈಕ್ರೋಮೆಶ್ ಅನ್ನುವ ಅತಿ ನಯವಾದ ಉಜ್ಜುವ ಹಾಳೆ. ನೀರು ಹಚ್ಚಿ ಉಜ್ಜುವ ಮೊದಲು ತುದಿಗಳಿಗೂ ಅಂಟು ಸವರಿರಬೇಕು. ಇಲ್ಲದಿದ್ದರೆ ನೀರು ಅಲ್ಲಿಂದ ಒಳಗೆ ಇಳಿಯುತ್ತದೆ.

ಬಣ್ಣದ ಬಗ್ಗೆ ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ಹಲಸು ಹೊಸದರಲ್ಲಿ ಅರಿಶಿನ ಬಳಿದಂತೆ ಹಳದಿ. ಬೆಳಕಿಗೆ ಇಟ್ಟರೆ ಕೆಲವು ತಿಂಗಳಲ್ಲಿ ಕಂದು ಕಡೆ ತಿರುಗುತ್ತದೆ. ಬೀಟೆಯ ಪಕ್ಕ ಆಗಲೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಂಗಡಿಯಲ್ಲಿ ನೋಡಿದ ಹಳದಿ ಅಲ್ಲ.

ಈಗೀಗ ನಾನು ಸ್ಲಿಮ್‌ಲೈನ್ ಕಡಿಮೆ ಮಾಡಿ, ಸಿಯೆರಾ ಅನ್ನುವ ಕಿಟ್ (ಮರ ಬಿಟ್ಟು ಪೆನ್ನಿನ ಉಳಿದ ಭಾಗಗಳ ಕಟ್ಟು) ಕಡೆ ಹೊರಳಿದ್ದೇನೆ. ಅದಕ್ಕೆ ತೂತು ದೊಡ್ಡದು, 10.7 ಮಿ.ಮೀ. ಮರದ ಭಾಗ ಒಂದೇ. ಅಂದರೆ ಚಿತ್ರ ನಡುವೆ ತುಂಡಾಗುವುದಿಲ್ಲ. ತಮ್ಮ ಮಾಡುವ ಗಂಟಿನ ಬ್ಲ್ಯಾಂಕ್‌ಗೆ ಇದೇ ಬೇಕು. ಬ್ಲ್ಯಾಂಕನ್ನು 45 ಡಿಗ್ರಿ ಓರೆಯಲ್ಲಿ ಕೊಯ್ದು ತೆಳು ಪಟ್ಟಿ ಇಟ್ಟು ಅಂಟಿಸುತ್ತಾನೆ, ಕಾಲು ಸುತ್ತು ತಿರುಗಿಸಿ ಮತ್ತೆ ಅದೇ, ಒಟ್ಟು ನಾಲ್ಕು ಸಲ. ಕಡೆದಾಗ ನಾಲ್ಕು ಓರೆ ಉಂಗುರಗಳು ಒಂದರೊಳಗೊಂದು ಹೆಣೆದುಕೊಂಡಂತೆ ಬರುತ್ತವೆ. ತೂತು ಸರಿಯಾಗಿ ನಡುವೆ ಇದ್ದರೆ ಮಾತ್ರ. ಇನ್ನೊಂದು ಲಾಭ ರೀಫಿಲ್‌ನದು. ಸ್ಲಿಮ್‌ಲೈನ್‌ಗೆ ಕ್ರಾಸ್ ಮಾದರಿಯ ರೀಫಿಲ್ ಬೇಕು, ಸಿಯೆರಾಗೆ ಪಾರ್ಕರ್ ಮಾದರಿ. ಅದಾದರೆ ಪುಸ್ತಕ, ಸ್ಟೇಷನರಿ ಅಂಗಡಿಗಳ ಅಪ್ಪಾ ಬಳವಂತ ಚೌಕದ ತನಕವೂ ಹೋಗಬೇಕಿಲ್ಲ, ಮನೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ರೀಫಿಲ್ ಸಿಗದ ಪೆನ್ನು ಶೋಕೇಸ್‌ಗೆ ಹೋಗುತ್ತದೆ.

ಪೆನ್ನಿನ ಜೊತೆ ಒಂದು ಚೀಟಿ ಇಡುತ್ತೇವೆ: ಯಾವ ಯಾವ ಮರ, ಅಂಟಿಸಿದವರು ಯಾರು, ಕಡೆದವರು ಯಾರು. ಕಿಟ್ಟಿನ ಖರ್ಚು ಕಳೆದು ಉಳಿದದ್ದು ಅರ್ಧ ಅರ್ಧ. ನನಗೆ ಕಡಿಮೆ ಸಾಕು ಅಂದರೆ ಅವನು ಒಪ್ಪುವುದಿಲ್ಲ, “ಒಡದ್ರ ನಿಮ್ಮ ಕೈಯಾಗ ಒಡೀತೈತಿ ಕಾಕಾ, ನನಗೇನ ಜೋಖಮ್ ಇಲ್ಲ” ಅನ್ನುತ್ತಾನೆ.

ಬ್ಲ್ಯಾಂಕಿನಿಂದ ಉಳಿಯುವ ತುದಿಯ ತುಂಡುಗಳನ್ನು ನಾನು ಎಸೆಯುವುದಿಲ್ಲ. ಅಂಟಿಸಿದ ತಾರೀಖು, ಯಾವ ಅಂಟು ಅನ್ನುವುದನ್ನು ಅದರ ಮೇಲೆ ಬರೆದು ಅವನಿಗೆ ವಾಪಸ್ ಕೊಡುತ್ತೇನೆ. ಅವನು ಪಟ್ಟಿಯ ಗೆರೆಯ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕುತ್ತಾನೆ. ಮರದ ನಾರು ಹರಿದು ಒಡೆದರೆ ಅಂಟು ಗಟ್ಟಿ. ನುಣ್ಣಗೆ ಗೆರೆಯಲ್ಲೇ ಬಿಟ್ಟುಕೊಂಡರೆ ಆ ಸಲದ ಬ್ಲ್ಯಾಂಕ್‌ಗಳನ್ನೆಲ್ಲ ಪಕ್ಕಕ್ಕೆ ಇಡಬೇಕು. ಹಾಗೆ ಬಿಟ್ಟುಕೊಂಡದ್ದು ಬಹುಪಾಲು ಸಾಗವಾನಿ ಇದ್ದ ತುಂಡುಗಳೇ. ಅದರಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಈಗ ಅವನು ಸಾಗವಾನಿ ಪಟ್ಟಿಯನ್ನು ಅಂಟಿಸುವ ಸ್ವಲ್ಪ ಮೊದಲು ಅಸಿಟೋನ್‌ನಿಂದ ಒರೆಸುತ್ತಾನೆ. ಒರೆಸಿದ್ದಕ್ಕೆ ಗುರುತಾಗಿ ಬ್ಲ್ಯಾಂಕಿನ ತುದಿಗೆ ಒಂದು ಕೆಂಪು ಚುಕ್ಕೆ ಇಟ್ಟು ಕಳಿಸುತ್ತಾನೆ. ಚುಕ್ಕೆ ಇಲ್ಲದ ಸಾಗವಾನಿಯನ್ನು ನಾನು ಲೇತಿಗೆ ಏರಿಸುವುದಿಲ್ಲ.