ಮೆಣಸಿನಕಾಯಿ ಸೀಜನ್ನು, ನಿದ್ದಿ ಬರಲಾರದ ದಾಟಿದ್ದು: ನನ್ನ ಅನುಭವ

ಬ್ಯಾಡಗಿ ಮಾರ್ಕೆಟ್‌ನಾಗ ದಲಾಲಿ ಅಂಗಡ್ಯಾಗ ತೂಕದ ಲೆಕ್ಕ ಬರಿಯೋ ನಾನು ಈ ಸಲ ಸೀಜನ್ ಪೂರ್ತಿ, ಸೀನು-ಮೂಗಿನ ಕಾಟಕ್ಕ ಹಗಲೊತ್ತು ನಿದ್ದಿ ಬರಸೋ ಅಲರ್ಜಿ ಗುಳಿಗಿ ನುಂಗಲಾರದ ದಾಟೇನಿ. ಆಗಂಗಿಲ್ಲ ಅಂದವ್ರ ಈಗ ಏನ್ ಮಾಡಿದಿ ಅಂತ ಕೇಳಾಕತ್ತಾರ, ಅದಕ್ಕ ಬರಿಯಾಕತ್ತೇನಿ.

ಮೊದ್ಲ ರೊಕ್ಕ ಹಾಳಾದ ಕತಿ. ಸಿಪಿಎಂ, ಅವಿಲ್ ಅನ್ನೋ ಹಳೇ ಅಲರ್ಜಿ ಗುಳಿಗಿ ನಮ್ಮಲ್ಲಿ ಎಲ್ಲರ ಕಿಸೇದಾಗೂ ಇರತಾವ, ಹತ್ತಿಪ್ಪತ್ತು ರೂಪಾಯಿಗೆ ಸಿಗತಾವ ಖರೆ, ಆದ್ರ ಅವನ್ನ ನುಂಗಿದ ದಿನ ಒಂದ ಲೆಕ್ಕದ ಪಟ್ಟಿ ಮೂರು ಸಲ ಕೂಡಿಸಬೇಕಾಗತಿತ್ತು. ಸಿಟ್ರಿಜಿನ್ 10 ಎಂಜಿ ಅದಕ್ಕಿಂತ ಚೊಲೋ, ಆದ್ರ ನನಗ ಅದೂ ಟೆಂಡರ್ (ಮಾಲಿಗೆ ರೇಟ್ ಕಟ್ಟೋದು) ಹೊತ್ತಿಗೆ ಕಣ್ಣು ಎಳೀತಿತ್ತು, ಮ್ಯಾಲೆ ಸಂಜಿಗೆ ಮೋಟೆಬೆನ್ನೂರು ಕ್ರಾಸ್ ದಾಟಿ ಹೈವೇದಾಗ ಗಾಡಿ ಹೊಡೀಬೇಕು. ಆಮ್ಯಾಲೆ ಝೈಲೋಮೆಟಾಜೋಲಿನ್ ಮೂಗಿನ ಹನಿ. ಐದು ನಿಮಿಷದಾಗ ಮೂಗು ಬಿಡತೈತಿ, ಆದ್ರ ಮೂರ್ನಾಕು ದಿನಕ್ಕಿಂತ ಜಾಸ್ತಿ ಎಳೆದ್ರ ಹನಿ ಇಳಿದ ಕೂಡ್ಲೆ ಮೊದಲಿಗಿಂತ ಬಿಗಿ ಕಟ್ಟತೈತಿ, ಮತ್ತ ಹಾಕು, ಮತ್ತ ಕಟ್ಟು. ವರ್ಷಗಟ್ಲೆ ಬಾಟ್ಲಿ ಬಿಡಲಾರದ ಹಮಾಲರು ಅದಾರ ನಮ್ಮಲ್ಲಿ.

ಯಾವ ಮೆಣಸಿನಕಾಯಿ ಲಾಟಿಗೆ (ರಾಶಿಗೆ) ಏನ್ ಆಗತೈತಿ ಅಂತ ಪಟ್ಟಿ ಹಿಂದ ಬರದಿಟ್ಟೆ, ಇದನ್ನ ಮಾರ್ಕೆಟ್‌ನಾಗ ನಾನೊಬ್ಬನ ಮಾಡಿದ್ದು ಅನಸತೈತಿ. ಗುಂಟೂರು ಲಾಟ್ ಸುರುವಿದಾಗ ಕೆಮ್ಮು, ಕಣ್ಣುರಿ. ಅದು ಘಾಟು, ಖಾರದ ಕೆಲಸ, ಅದಕ್ಕ ಅಲರ್ಜಿ ಗುಳಿಗಿ ನಾಟಂಗಿಲ್ಲ. ಘಾಟು ಕಡಿಮಿ ಇರೋ ಡಬ್ಬಿ ತಳಿ ಲಾಟ್ ಹತ್ರ, ಹಳೇ ಚೀಲ ಝಾಡಿಸುವಾಗ ಸಾಲಾಗಿ ಸೀನು, ಮೂಗು ತುರಿಕಿ ಬಂದ್ರ ಅದು ಧೂಳಿನ ಅಲರ್ಜಿ, ಗುಳಿಗಿ ಕೆಲಸ ಮಾಡೋದು ಅಲ್ಲಿ. ಘಾಟಿಗೂ ಗುಳಿಗಿ ಅಂತ ಒಂದರ ಜಾಗಾದಾಗ ಎರಡು ನುಂಗತೇವಿ, ನಿದ್ದಿ ಜಾಸ್ತಿ ಆಗೋದು ಅಲ್ಲಿಂದ.

ಘಾಟಿಗೆ ಎನ್95 ಮಾಸ್ಕ್. ಮಾರ್ಚ್ ಬಿಸಲಾಗ ಅದರೊಳಗ ಬೆವರು ನಿಲ್ಲದಂಗ ಏನ್ ಮಾಡತೇನಿ ಅನ್ನೋದು ಸದ್ಯ ನನ್ನ ಹತ್ರನ ಇರ್ಲಿ. ಅಲರ್ಜಿಗೆ ಹಾವೇರಿ ಡಾಕ್ಟರು ಬರಕೊಟ್ಟ ಫ್ಲುಟಿಕಾಸೋನ್ ಅನ್ನೋ ಮೂಗಿನ ಸ್ಪ್ರೇ. ಬಾಜೂ ಅಂಗಡಿ ಗೆಳೆಯ ನಾಕು ದಿನ ಹೊಡೆದು ಬರೇ ನೀರೈತಿ ಅಂತ ಒಗೆದಿದ್ದ. ಅದು ದಿನಾ ಹೊಡದ್ರ ಪೂರಾ ಹಿಡಿಯಾಕ ವಾರ, ಎರಡು ವಾರ ಬೇಕು. ನಾ ಆವಕ (ಮಾರ್ಕೆಟ್‌ಗೆ ಮಾಲು ಬರೋದು) ಜೋರಾಗೋಕಿಂತ ಮೊದ್ಲ, ಡಿಸೆಂಬರ್ ಸುರುವಿಗೇ ಚಾಲೂ ಮಾಡಿದೆ. ಮೂಗಿನ ನಡುಗೋಡಿಗೆ ಅಲ್ಲ, ಹೊರಗಿನ ಕಡೆ ಓರಿ ಮಾಡಿ ಹೊಡೀಬೇಕು, ಇಲ್ಲಂದ್ರ ರಕ್ತ ಬರಬಹುದು. ಸಂಜಿಗೆ ಕಾಸಿ ಆರಿಸಿದ ಉಪ್ಪುನೀರಿಲೆ ಮೂಗು ತೊಳಿಯೋದು. ಸೀನು ಜೋರಿದ್ದ ಮಾರ್ಕೆಟ್ ದಿನ ಅಷ್ಟ ನಿದ್ದಿ ಕಡಿಮಿ ತರೋ ಅಲರ್ಜಿ ಗುಳಿಗಿ ಫೆಕ್ಸೊಫೆನಡಿನ್ 120 ಎಂಜಿ, ಅದೂ ಡಾಕ್ಟರನ್ನ ಕೇಳೇ.

ನಡುವ ಒಂದು ಪ್ರಯೋಗ. ಕೆಲವೊಂದು ದಿನ ಅದ ಗುಳಿಗಿ ನಾಟತಿರಲಿಲ್ಲ, ನೋಡಿದ್ರ ಆವತ್ತು ಮೋಸಂಬಿ ಜ್ಯೂಸ್ ಜೋಡಿ ನುಂಗಿರತಿದ್ದೆ. ಹಣ್ಣಿನ ರಸ ಫೆಕ್ಸೊಫೆನಡಿನ್ ಮೈಗೆ ಸೇರೋದು ತಡೀತೈತಿ ಅಂದ್ರು ಮೆಡಿಕಲ್‌ನವ್ರು. ನೀರಿಗೆ ಬದಲಿಸಿದ ಮ್ಯಾಲೆ ಸರಿ ಹೋತು.

ಖರ್ಚು, ಸ್ಪ್ರೇ ಬಾಟ್ಲಿ ಮುನ್ನೂರೈವತ್ತರ ಆಸುಪಾಸು, ತಿಂಗಳಿಗೊಂದು. ಮಾಸ್ಕ್, ಗುಳಿಗಿ ಎಲ್ಲಾ ಕೂಡಿ ಸೀಜನ್ನಿಗೆ ಎರಡು, ಎರಡೂವರೆ ಸಾವಿರ. ಮೊದ್ಲ ಹನಿ, ಸಿರಪ್ಪು, ಇಂಜೆಕ್ಷನ್ ಅಂತ ಇದಕ್ಕಿಂತ ಜಾಸ್ತೀನ ಹೋಗತಿತ್ತು.

ನೆಗಡಿ ಗುಳಿಗಿ ಪಟ್ಟಿ ಹಿಂದ ತಿರುವಿ ಓದ್ರಿ. ಕ್ಲೋರ್‌ಫೆನಿರಮೈನ್ ಅಂತ ಇದ್ರ ಅದ ಸಿಪಿಎಂ, ಅದರ ಮ್ಯಾಲೆ ಸಿಟ್ರಿಜಿನ್ ನುಂಗಬ್ಯಾಡ್ರಿ, ಸಂಜಿಗೆ ಕುಡಿಯೋರಂತೂ ಎರಡರ ಹತ್ರಾನೂ ಹೋಗಬ್ಯಾಡ್ರಿ. ಮೂಗು ಬಿಡಸೋ ಫಿನೈಲ್‌ಎಫ್ರಿನ್ ಇದ್ರ ಬಿಪಿ ಇದ್ದವ್ರು ಡಾಕ್ಟರ್ ಕೇಳ್ರಿ. ಪ್ರೊಸ್ಟೇಟ್ ಗ್ರಂಥಿ ತೊಂದ್ರಿ ಇದ್ದ ನಮ್ಮ ಹಮಾಲ ಕಾಕಾಗ ಸಿಪಿಎಂ ಮ್ಯಾಲೆ ರಾತ್ರಿ ಮೂತ್ರನ ಕಟ್ಟಿ ದವಾಖಾನಿಗೆ ಒಯ್ದಿದ್ವಿ, ಅವರೀಗ ಗುಳಿಗಿ ನುಂಗೋಕ್ಕ ಮೊದ್ಲ ನನ್ನ ಕೈಯಾಗ ಕೊಟ್ಟು ಓದಸತಾರ.