ಹಲ್ಲು ಕೀಳಿಸಿದ ಮೇಲೆ ಲವಂಗದೆಣ್ಣೆಗೆ ಅವಸರ ಬೇಡ
ಹಲ್ಲು ಕೀಳಿಸಿದ ಮೇಲೆ ಏನು ಮಾಡಬೇಕು, ಗಾಯಕ್ಕೆ ಲವಂಗದೆಣ್ಣೆ ಹಚ್ಚಬಹುದಾ ಎಂದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಗುಂಪಿನಲ್ಲಿ ಆಗಾಗ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಜೋರಾಗಿ ಉಗುಳಬೇಡಿ, ಸ್ಟ್ರಾ ಹಾಕಿ ಎಳನೀರು ಹೀರಬೇಡಿ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತು ಬಂದರೆ ಕಿವಿವರೆಗೂ ನೋವು ಎಳೆಯುತ್ತದೆ. ರಕ್ತ ಒಸರುತ್ತಿದ್ದರೆ ಒದ್ದೆ ಮಾಡಿದ ಟೀ ಬ್ಯಾಗ್ ಕಚ್ಚಿ ಹಿಡಿಯಿರಿ, ಚಹಾದ ಒಗರು ರಕ್ತ ನಿಲ್ಲಲು ನೆರವಾಗುತ್ತದೆ.

ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಊಟವಾದ ಮೇಲೆ ಬಾಯಲ್ಲಿ ತುಂಬಿಕೊಂಡು ತಲೆ ಮೆಲ್ಲಗೆ ವಾಲಿಸಿ, ಉಗುಳದೆ ಹಾಗೇ ಸುರಿದುಬಿಡಿ. ಲವಂಗದೆಣ್ಣೆ ಹಸಿ ಗಾಯಕ್ಕೆ ನೇರವಾಗಿ ಬೇಡವೇ ಬೇಡ, ಒಸಡು ಸುಡುತ್ತದೆ. ಅರಿಶಿನದ ಪುಡಿಯನ್ನೂ ತುಂಬಬೇಡಿ. ತಿನ್ನಲು ಮೊಸರನ್ನ, ಆರಿದ ಗಂಜಿ ಸಾಕು. ಮೂರನೇ ದಿನ ನೋವು ಜಾಸ್ತಿಯಾದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.