ತೂಗದ ಚೀಲಕ್ಕೆ ಸೊನ್ನೆ ಕಿಲೋ: ಜಾವಾದಲ್ಲಿ ಅಂಕಿ ಓದಿಸಿದ ನನ್ನ ಅನುಭವ

ಶಿರಸಿಯ ಒಂದು ಅಡಿಕೆ ಅಂಗಡಿಗೆ ತೂಕದ ಪುಸ್ತಕದ ಬದಲು ಬಳಸಲು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಮನ್ನು ಬರೆದುಕೊಟ್ಟಿದ್ದೆ. ಚೀಲದ ಸಂಖ್ಯೆ, ರಾಶಿಯೋ ಚಾಲಿಯೋ ಬೆಟ್ಟೆಯೋ ಎಂಬ ಅಡಿಕೆಯ ಬಗೆ, ಕಿಲೋ ಲೆಕ್ಕದ ತೂಕ, ಕ್ವಿಂಟಲ್ ದರ, ಇಷ್ಟೇ ಅಂಕಣಗಳು. ಮೊದಲ ವಾರವೇ ಐದು ಚೀಲಗಳ ಒಂದು ಲಾಟಿನ ಸರಾಸರಿ 40.8 ಕಿಲೋ ಎಂದು ಅಚ್ಚಾಗಿ ಬಂದಾಗ, ಅಲ್ಲಿನ ಹಿರಿಯ ಗುಮಾಸ್ತರು ಹಾಳೆಯನ್ನು ನನ್ನ ಮುಂದಿಟ್ಟು, "ತಮಾ, ಐದನೇ ಚೀಲ ಇನ್ನೂ ತೂಗಿದ್ದೇ ಇಲ್ಲೆ. ಸೊನ್ನೆ ಕಿಲೋ ಎಲ್ಲಿಂದ ಬಂತು?" ಎಂದು ಕೇಳಿದರು. ತೂಗಿದ್ದ ನಾಲ್ಕು ಚೀಲಗಳು ಸೇರಿ 204 ಕಿಲೋ ಇದ್ದವು. ಸರಾಸರಿ 51 ಬರಬೇಕಿತ್ತು.

ಆ ಸೊನ್ನೆಯನ್ನು ತಂದವನು ನಾನೇ. ಒತ್ತಿದ ಅಕ್ಷರಗಳನ್ನು ದಶಮಾಂಶ ಸಂಖ್ಯೆಯಾಗಿ ಓದುವ, ಡಬಲ್‌ನ ಪಾರ್ಸ್‌ಡಬಲ್ ಮೆಥಡ್‌ಗೆ ಖಾಲಿ ಸ್ಟ್ರಿಂಗನ್ನು, ಅಂದರೆ ಏನೂ ಬರೆಯದ ಪಠ್ಯವನ್ನು, ಕೊಟ್ಟರೆ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಎಂಬ ದೋಷ ಬರುತ್ತದೆ. ಕೆಲಸ ನಿಲ್ಲದಿರಲೆಂದು ನಾನು ಆ ದೋಷವನ್ನು ಹಿಡಿಯುವ ಕ್ಯಾಚ್ ಬ್ಲಾಕಿನಲ್ಲಿ ತೂಕವನ್ನು ಸೊನ್ನೆ ಮಾಡಿ ಮುಂದೆ ಸಾಗಿಸಿದ್ದೆ. ಅದನ್ನು ಕಿತ್ತುಹಾಕಿ, ತೂಕ ಬಾರದ ಚೀಲಕ್ಕೆ ಡೇಟಾಬೇಸಿನಲ್ಲಿ ನಲ್, ಅಂದರೆ ಏನೂ ಇಲ್ಲ ಎಂಬ ಗುರುತು, ಉಳಿಯುವಂತೆ ಮಾಡಿದರೂ ವರದಿಯಲ್ಲಿ ಸೊನ್ನೆ ಮತ್ತೆ ಕಾಣಿಸಿಕೊಂಡಿತು. ಏಕೆಂದರೆ ಡೇಟಾಬೇಸಿನಿಂದ ಬಂದ ಸಾಲುಗಳನ್ನು ಓದಿಸುವ ರಿಸಲ್ಟ್‌ಸೆಟ್‌ನ ಗೆಟ್‌ಡಬಲ್ ಮೆಥಡ್ ನಲ್ ಇರುವ ಅಂಕಣಕ್ಕೂ ಸೊನ್ನೆಯನ್ನೇ ಕೊಡುತ್ತದೆ, ಅದು ನಿಜವಾದ ಸೊನ್ನೆಯೋ ಅಲ್ಲವೋ ಎಂಬುದನ್ನು ಬೆನ್ನಿಗೇ ವಾಸ್‌ನಲ್ ಕರೆದು ತಿಳಿದುಕೊಳ್ಳಬೇಕು. ಗೆಟ್‌ಬಿಗ್‌ಡೆಸಿಮಲ್ ಬಳಸಿದರೆ ನಲ್ ನಲ್ ಆಗಿಯೇ ಬರುತ್ತದೆ.

ಮುಂದಿನ ತೊಡಕು ಕನ್ನಡದ್ದೇ. ಕೀಲಿಮಣೆ ಕನ್ನಡದಲ್ಲಿ ಉಳಿದಿದ್ದ ಒಂದು ದಿನ ಗುಮಾಸ್ತರು ಚೀಲದ ಸಂಖ್ಯೆಯನ್ನು "೫" ಎಂದೂ ತೂಕವನ್ನು "೫೧" ಎಂದೂ ಒತ್ತಿದ್ದರು. ಪೂರ್ಣ ಸಂಖ್ಯೆಗಳನ್ನು ಓದುವ, ಇಂಟಿಜರ್‌ನ ಪಾರ್ಸ್‌ಇಂಟ್ ಕನ್ನಡದ ಅಂಕಿಗಳನ್ನೂ ಬಲ್ಲದಾದ್ದರಿಂದ ಚೀಲದ ಸಂಖ್ಯೆಯನ್ನು ತಕರಾರಿಲ್ಲದೆ ಒಪ್ಪಿತು, ಪಾರ್ಸ್‌ಡಬಲ್ ಮಾತ್ರ ತೂಕವನ್ನು ತಿರಸ್ಕರಿಸಿತು. ಒಂದೇ ಸಾಲಿನಲ್ಲಿ ಎರಡು ನ್ಯಾಯ! ಹಿಂದೆ ಮುಂದೆ ಖಾಲಿ ಜಾಗ ಇದ್ದರೆ ಇದು ತಿರುವುಮುರುವು: ಪಾರ್ಸ್‌ಡಬಲ್ ಸಹಿಸಿಕೊಳ್ಳುತ್ತದೆ, ಪಾರ್ಸ್‌ಇಂಟ್ ಸಹಿಸುವುದಿಲ್ಲ.

ಅಲ್ಪವಿರಾಮದ ವಿಷಯದಲ್ಲಿ ನಾನು ಬುದ್ಧಿವಂತಿಕೆ ತೋರಲು ಹೋಗಿ ಕೆಟ್ಟೆ. ದರವನ್ನು "48,500" ಎಂದು ಬರೆಯುವ ರೂಢಿಯಿದೆಯಲ್ಲ ಎಂದು ಎಲ್ಲ ಅಂಕಣಗಳಲ್ಲೂ ಅಲ್ಪವಿರಾಮವನ್ನು ಅಳಿಸಿ ಓದಿಸಿದೆ. ಕೀಲಿಮಣೆಯಲ್ಲಿ ಅಲ್ಪವಿರಾಮದ ಪಕ್ಕದಲ್ಲೇ ಚುಕ್ಕೆ ಇರುತ್ತದೆ. ಕೆಂಪುಗೋಟು ಎಂಬ ಬಗೆಯ ಅಡಿಕೆಯಲ್ಲಿ ಉಳಿದಿದ್ದ 5.2 ಕಿಲೋ "5,2" ಎಂದು ಬಿದ್ದು, 52 ಕಿಲೋ ಆಗಿ ಸದ್ದಿಲ್ಲದೆ ಒಳಗೆ ಹೋಯಿತು. ಈಗ ತೂಕದಲ್ಲಿ ಅಲ್ಪವಿರಾಮ ಕಂಡರೆ ಆ ಸಾಲು ನಿಲ್ಲುತ್ತದೆ. ದರದಲ್ಲಿ ಮಾತ್ರ, ಸರಿಯಾದ ಸ್ಥಾನದಲ್ಲಿದ್ದರೆ, ಬಿಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇರೊಂದು ಪ್ರೋಗ್ರಾಮಿನಿಂದ ಬಂದ ಕಡತದಲ್ಲಿದ್ದ "ಎನ್‌ಎಎನ್" (NaN, ಅಂದರೆ "ಸಂಖ್ಯೆಯಲ್ಲ") ಎಂಬ ಮೂರು ಅಕ್ಷರ. ಪಾರ್ಸ್‌ಡಬಲ್ ಅದನ್ನು ಸಂಖ್ಯೆಯೆಂದೇ ಸ್ವೀಕರಿಸುತ್ತದೆ, ಮತ್ತು ಅದು ಸೇರಿದ ಮೊತ್ತವೆಲ್ಲ ಎನ್‌ಎಎನ್ ಆಗುತ್ತದೆ. ತೂಕ ಸೊನ್ನೆಗಿಂತ ಕಡಿಮೆಯೇ, 100ಕ್ಕಿಂತ ಹೆಚ್ಚೇ ಎಂದು ನಾನು ಇಟ್ಟಿದ್ದ ಎರಡು ಪರೀಕ್ಷೆಗಳಿಗೂ ಅದರಿಂದ "ಅಲ್ಲ" ಎಂಬ ಉತ್ತರವೇ ಬಂದು, ಅದು ಪಾರಾಗಿತ್ತು. ಆದ್ದರಿಂದ ಪ್ರಶ್ನೆಯನ್ನೇ ತಿರುಗಿಸಿ, ಸೊನ್ನೆಗಿಂತ ಹೆಚ್ಚೂ 100ರ ಒಳಗೂ ಇದ್ದರೆ ಮಾತ್ರ ಒಪ್ಪು ಎಂದು ಬರೆದೆ.

ಕೊನೆಗೆ ತೂಕವನ್ನೆಲ್ಲ ದಶಮಾಂಶಗಳನ್ನು ಇದ್ದ ಹಾಗೆಯೇ ಇಡುವ ಬಿಗ್‌ಡೆಸಿಮಲ್ ಎಂಬ ಬಗೆಗೆ ಬದಲಾಯಿಸಿದೆ. ಅದು ಎನ್‌ಎಎನ್ ಒಪ್ಪುವುದಿಲ್ಲ, ಕನ್ನಡ ಅಂಕಿಗಳನ್ನು ಓದುತ್ತದೆ, ಖಾಲಿ ಜಾಗವನ್ನು ಮಾತ್ರ ನಾವೇ ಮೊದಲು ತೆಗೆದುಕೊಡಬೇಕು. ಏನೂ ಬರೆಯದಿದ್ದರೆ ನನ್ನ ಓದುವ ಮೆಥಡ್‌ನಿಂದ ಖಾಲಿ ಆಪ್ಷನಲ್, ಅಂದರೆ ಒಳಗೆ ಏನೂ ಇಲ್ಲದ ಪೊಟ್ಟಣ, ಮರಳುತ್ತದೆ. ತಪ್ಪು ಬರೆದಿದ್ದರೆ ಸಾಲಿನ ಸಂಖ್ಯೆಯೊಡನೆ, ಒತ್ತಿದ ಅಕ್ಷರಗಳು ಇದ್ದ ಹಾಗೆಯೇ, ತೆರೆಯ ಮೇಲೆ ಕಾಣುತ್ತವೆ. ತೂಗದ ಚೀಲದ ಎದುರು ಈಗ "ತೂಕ ಬಾಕಿ" ಎಂದೂ, ಕೆಳಗೆ "5ರಲ್ಲಿ 4 ಚೀಲಗಳ ಸರಾಸರಿ" ಎಂದೂ ಅಚ್ಚಾಗುತ್ತದೆ. ಈ ಎರಡನೆಯ ಒಕ್ಕಣೆ ಗುಮಾಸ್ತರದೇ.